ದೊಡ್ಡ ಬೇಟೆಯ ಬೆನ್ನುಚೀಲ: ಬರುವಾಗಿನ ಹೊರೆ ನೋಡಿ ಆರಿಸಿ

ಅಮೆರಿಕದ ರಾಕಿ ಪರ್ವತಗಳ ಪ್ರಾಯದ ಗಂಡು ಎಲ್ಕ್ ಸುಮಾರು 300 ಕೆ.ಜಿ. ತೂಗುತ್ತದೆ. ನಮ್ಮ ಕಡವೆಯ ಕುಟುಂಬದ್ದೇ, ಅದಕ್ಕಿಂತ ದೊಡ್ಡದು. ಚರ್ಮ, ಕರುಳು, ತಲೆ, ಮೂಳೆ ಎಲ್ಲ ಬಿಟ್ಟು ಬರೀ ಮಾಂಸ ಬಿಡಿಸಿದರೂ 80ರಿಂದ 110 ಕೆ.ಜಿ. ಆಗುತ್ತದೆ. ಅದು ಬೀಳುವ ಜಾಗ ರಸ್ತೆಯಿಂದ ನಾಲ್ಕೈದು ಕಿಲೋಮೀಟರ್ ಒಳಗೆ, 3,000 ಮೀಟರ್ ಎತ್ತರದಲ್ಲಿ, ಬಿದ್ದ ಮರಗಳು ಒಂದರ ಮೇಲೊಂದು ಅಡ್ಡಬಿದ್ದಿರುವ ಇಳಿಜಾರಿನಲ್ಲಿರಬಹುದು. ಮಾಂಸವನ್ನು ಅಲ್ಲೇ ಬಿಟ್ಟು ಬರುವಂತಿಲ್ಲ. ಕೊಲರಾಡೊ, ಮೊಂಟಾನಾ, ಐಡಾಹೊ, ಅಲಾಸ್ಕಾ ಎಲ್ಲ ಕಡೆಯೂ ತಿನ್ನಲು ಯೋಗ್ಯವಾದ ಮಾಂಸವನ್ನು ಕಾಡಿನಲ್ಲಿ ಕೊಳೆಯಲು ಬಿಡುವುದು ಅಪರಾಧ. ಕಾನೂನು ಇಲ್ಲದಿದ್ದರೂ, ಕೊಂದ ಮೇಲೆ ಅದನ್ನು ಪೂರ್ತಿ ಹೊತ್ತು ತರುವುದು ಬೇಟೆಗಾರನ ಮೊದಲ ಋಣ.

ಬೆನ್ನುಚೀಲದ ಆಯ್ಕೆಯನ್ನು ಇಲ್ಲಿಂದಲೇ ಶುರುಮಾಡಬೇಕು. ಅಂಗಡಿಯಲ್ಲಿ ನಿಂತವರು ಹೆಚ್ಚಾಗಿ ಯೋಚಿಸುವುದು ಒಳಗೆ ಹೋಗುವಾಗಿನ ಸಾಮಾನಿನ ಬಗ್ಗೆ: ಟೆಂಟ್ ಹಿಡಿಯುತ್ತದೆಯೇ, ಜೇಬುಗಳು ಎಷ್ಟು, ಬಂದೂಕು ಎಲ್ಲಿ ಸಿಕ್ಕಿಸುವುದು. ಆ ಹೊರೆಯನ್ನು ಸಾಧಾರಣವಾದ ಯಾವ ಚಾರಣದ ಚೀಲವೂ ಹೊರುತ್ತದೆ. ಚೀಲದ ನಿಜವಾದ ಕೆಲಸ ಮಾಂಸ ಬಿಡಿಸಿ ಮುಗಿದ ಮೇಲೆ ಶುರುವಾಗುತ್ತದೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಇಂಥ ಬೇಟೆಗೆ ಜಾಗವಿಲ್ಲ, ಇರಲೂಬಾರದು. ಕೊಡಗಿನ ಮನೆಗಳಲ್ಲಿ ಕೋವಿ ಇದೆ, ಕಾಡಿಗೆ ಹೋಗುವ ಬೇಟೆ ಇಲ್ಲ. ಇಲ್ಲಿ ಬರೆಯುತ್ತಿರುವುದು ಅಮೆರಿಕದ ಪಶ್ಚಿಮ ರಾಜ್ಯಗಳ ವಿಷಯ. ಅಲ್ಲಿ ವನ್ಯಜೀವಿ ಇಲಾಖೆಗಳು ಪ್ರಾಣಿಗಳ ಸಂಖ್ಯೆ ನೋಡಿ ಪ್ರತಿ ವರ್ಷ ಪರವಾನಗಿಗಳ ಮಿತಿ ನಿಗದಿ ಮಾಡುತ್ತವೆ. ಡೆನ್ವರ್, ಸಿಯಾಟಲ್ ಕಡೆ ನೆಲೆಸಿ ಇದಕ್ಕೆ ಕಾಲಿಡುವ ಕನ್ನಡಿಗರು ಚೀಲಕ್ಕೂ ಮುಂಚೆ ಎರಡು ವಿಷಯ ತಿಳಿದಿರಬೇಕು. ಕೊಲರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದ ಎಲ್ಲರೂ ಪರವಾನಗಿ ಪಡೆಯುವ ಮೊದಲು ಬೇಟೆ ಶಿಕ್ಷಣದ ಪ್ರಮಾಣಪತ್ರ ಹೊಂದಿರಬೇಕು. ಎರಡನೆಯದು, ಗ್ರೀನ್ ಕಾರ್ಡ್ ಇಲ್ಲದೆ ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ರಾಜ್ಯವೊಂದು ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಕೈಯಲ್ಲಿದ್ದರೆ ಅದಕ್ಕೆ ವಿನಾಯಿತಿ ಇದೆ. ಪರವಾನಗಿ ಮೊದಲು, ಬಂದೂಕು ಆಮೇಲೆ. ಈ ಕ್ರಮ ತಪ್ಪಬಾರದು.

ಈಗ ತೂಕದ ಲೆಕ್ಕ. ಏಳು ದಿನದ ಸೆಪ್ಟೆಂಬರ್ ಅಥವಾ ಅಕ್ಟೋಬರ್ ಬೇಟೆಗೆ ಖಾಲಿ ಚೀಲ 2.7 ಕೆ.ಜಿ., ಒಬ್ಬರ ಟೆಂಟ್ 1.2, ಮಲಗುವ ಚೀಲ ಮತ್ತು ಚಾಪೆ 1.7, ಮಳೆಯ ಉಡುಪೂ ಸೇರಿ ಬಟ್ಟೆ 2.3, ಒಲೆ, ಇಂಧನ, ಪಾತ್ರೆ 0.7. ಊಟ ದಿನಕ್ಕೆ 800 ಗ್ರಾಂನಂತೆ 5.6. ನೀರು ಎರಡೂವರೆ ಲೀಟರ್. ದೂರದರ್ಶಕ ಮತ್ತು ಅದರ ಮುಕ್ಕಾಲಿ 2.5. ಬಂದೂಕು, ಸ್ಕೋಪ್ ಸಹಿತ 3.8. ಚಾಕು, ಗೇಮ್ ಬ್ಯಾಗ್ (ಮಾಂಸ ತುಂಬುವ ಬಟ್ಟೆಯ ಚೀಲ), ಕೈಗವಸು, ಹಗ್ಗ ಎಲ್ಲ ಸೇರಿ 0.7. ಪ್ರಥಮ ಚಿಕಿತ್ಸೆ, ತಲೆದೀಪ, ಬ್ಯಾಟರಿ, ಉಪಗ್ರಹ ಸಂದೇಶ ಸಾಧನ 1.2. ಒಟ್ಟು ಸುಮಾರು 25 ಕೆ.ಜಿ. ದಿನ ಕಳೆದಂತೆ ಊಟ ಕರಗಿ ಇದು 20ರ ಆಸುಪಾಸಿಗೆ ಇಳಿಯುತ್ತದೆ.

ಬರುವಾಗ ಏನಾಗುತ್ತದೆ? 100 ಕೆ.ಜಿ. ಮಾಂಸವನ್ನು ಒಂದು ಸಲಕ್ಕೆ 33ರಂತೆ ಹೊತ್ತರೆ ಮೂರು ಹೊರೆ. ಅದರ ಜೊತೆಗೆ ಚೀಲದ ತೂಕ, ನೀರು, ಬಂದೂಕು, ಚಳಿಯ ಬಟ್ಟೆ ಸೇರಿ ಪ್ರತಿ ಸಲವೂ ಬೆನ್ನ ಮೇಲೆ 42ರಿಂದ 45 ಕೆ.ಜಿ. ಕೊಂಬು ಮತ್ತು ಬಿಡಾರ ನಾಲ್ಕನೆಯ ಹೊರೆ. ಐದು ಕಿಲೋಮೀಟರ್ ಒಳಗಿದ್ದರೆ ನಾಲ್ಕು ಸಲ ಹೊತ್ತು ಹೊರಗೆ, ಮೂರು ಸಲ ಖಾಲಿ ಒಳಗೆ, ಒಟ್ಟು 35 ಕಿಲೋಮೀಟರ್ ನಡಿಗೆ. ಅದರಲ್ಲಿ 20 ಕಿಲೋಮೀಟರ್ ಹೊರೆಯ ಸಮೇತ. ಒಬ್ಬರಿಗೆ ಇದು ಎರಡು ದಿನದ ಕೆಲಸ, ಬಿಸಿಲಿದ್ದರೆ ಮಾಂಸ ಅಷ್ಟು ಕಾಯುವುದಿಲ್ಲ. ಹಾಗಾಗಿ ರಸ್ತೆಯಿಂದ ಎಷ್ಟು ದೂರದಲ್ಲಿ ಗುಂಡು ಹಾರಿಸಬಹುದು ಎನ್ನುವುದನ್ನು ನಿಮ್ಮ ಚೀಲ ಮತ್ತು ಮೊಣಕಾಲು ಸೇರಿ ತೀರ್ಮಾನಿಸುತ್ತವೆ. ಅದಕ್ಕಿಂತ ಆಚೆ ಕಂಡ ಎಲ್ಕನ್ನು ನೋಡಿ ಸಂತೋಷಪಟ್ಟು ಬರಬೇಕು, ಅಥವಾ ಬೇಟೆಗೆ ಮೊದಲೇ ಕುದುರೆಯವರ ಜೊತೆ ಮಾತಾಡಿಟ್ಟಿರಬೇಕು. ಎಲ್ಕಿಗಿಂತ ಸಣ್ಣ ಜಿಂಕೆಯಾದ ಮ್ಯೂಲ್ ಡಿಯರ್ ಬೇಟೆಯಾದರೆ ಈ ಕಟ್ಟುನಿಟ್ಟು ಸಡಿಲವಾಗುತ್ತದೆ. ಅದರ ಬಿಡಿಸಿದ ಮಾಂಸ 25ರಿಂದ 35 ಕೆ.ಜಿ., ಗಟ್ಟಿಗರು ಒಂದೇ ಸಲಕ್ಕೆ ಹೊರುತ್ತಾರೆ.

45 ಕೆ.ಜಿ.ಯನ್ನು ಬಟ್ಟೆ ಹೊರುವುದಿಲ್ಲ, ಫ್ರೇಮ್ ಹೊರುತ್ತದೆ. 1920ರ ದಶಕದಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಬಂದ ಟ್ರ್ಯಾಪರ್ ನೆಲ್ಸನ್ ಎಂಬ ಮರದ ಚೌಕಟ್ಟಿನ ಚೀಲ ಬಹುಕಾಲ ಬೇಟೆಗಾರರ ಬೆನ್ನ ಮೇಲಿತ್ತು. ಅದರ ಭಾರವೆಲ್ಲ ಹೆಗಲ ಮೇಲೆಯೇ. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿ ಅಲ್ಯೂಮಿನಿಯಂ ಕೊಳವೆಯ ಚೌಕಟ್ಟು ಮತ್ತು ಸೊಂಟಪಟ್ಟಿಯಿದ್ದ ಚೀಲಗಳನ್ನು ಮಾರತೊಡಗಿದರು, ಭಾರ ಸೊಂಟಕ್ಕೆ ಇಳಿಯಿತು. ಇವತ್ತಿನ ಬೇಟೆಯ ಚೀಲಗಳೆಲ್ಲ ಆ ತತ್ವದ ಮೇಲೇ ನಿಂತಿವೆ. ಚೌಕಟ್ಟು ಕಾರ್ಬನ್ ಫೈಬರ್ ಆಗಿರಲಿ, ಅಲ್ಯೂಮಿನಿಯಂ ಪಟ್ಟಿಗಳಾಗಿರಲಿ, ಅದು ಮೇಲಿಂದ ಕೆಳಗೆ ಬಾಗದೆ ನಿಂತು ಭಾರವನ್ನು ಸೊಂಟದ ಮೂಳೆಗೆ ಮುಟ್ಟಿಸಬೇಕು. ಅಡ್ಡಡ್ಡಕ್ಕೆ ಸ್ವಲ್ಪ ತಿರುಚಿಕೊಳ್ಳುವ ಗುಣವಿದ್ದರೆ ಒಳ್ಳೆಯದು, ಬಿದ್ದ ಮರ ದಾಟುವಾಗ ಸೊಂಟದ ಜೊತೆ ತಾನೂ ಹೊರಳುತ್ತದೆ. ಲಂಬವಾಗಿ ಬಾಗುವ ಚೌಕಟ್ಟು ಮಾತ್ರ ಬೇಡವೇ ಬೇಡ. ಚಾರಣಕ್ಕೆಂದು ಮಾಡಿದ ಒಂದೂವರೆ ಕೆ.ಜಿ.ಯ ಚೀಲಗಳು ಸೋಲುವುದು ಇಲ್ಲಿಯೇ. 20 ಕೆ.ಜಿ.ವರೆಗೆ ಅವು ಹಾಯಾಗಿರುತ್ತವೆ. 35 ದಾಟಿದರೆ ಚೌಕಟ್ಟು ಕುಸಿದು, ಭಾರ ಹೆಗಲಿಗೆ ಮರಳಿ, ಹೊಲಿಗೆ ಬಿಚ್ಚತೊಡಗುತ್ತದೆ.

ಚೌಕಟ್ಟಿನ ಅಳತೆಗೆ ನಿಮ್ಮ ಎತ್ತರ ಮುಖ್ಯವಲ್ಲ, ಬೆನ್ನಿನ ಉದ್ದ ಮುಖ್ಯ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಮೂಳೆ ಒಂದು ತುದಿ. ಸೊಂಟದ ಮೂಳೆಯ ಮೇಲಂಚಿನಲ್ಲಿ ಎರಡೂ ಕೈ ಇಟ್ಟು ಹೆಬ್ಬೆರಳುಗಳನ್ನು ಬೆನ್ನಿನತ್ತ ಚಾಚಿದರೆ, ಅವೆರಡರ ನಡುವಿನ ಗೆರೆ ಬೆನ್ನೆಲುಬನ್ನು ಮುಟ್ಟುವ ಜಾಗ ಇನ್ನೊಂದು ತುದಿ. ಇನ್ನೊಬ್ಬರ ಕೈಯಲ್ಲಿ ಟೇಪು ಕೊಟ್ಟು ಬೆನ್ನಿನ ಬಾಗನ್ನು ಅನುಸರಿಸಿ ಅಳೆಸಿ. ಹೆಗಲ ಪಟ್ಟಿಗಳನ್ನು ಈ ಅಳತೆಗೆ ಕೂರಿಸಬೇಕು. ಚೌಕಟ್ಟಿನ ತುದಿ ಮಾತ್ರ ಹೆಗಲಿಗಿಂತ 5ರಿಂದ 10 ಸೆಂ.ಮೀ. ಮೇಲಿರಬೇಕು, ಯಾಕೆಂದರೆ ಲೋಡ್ ಲಿಫ್ಟರ್ ಎಂಬ ಸಣ್ಣ ಪಟ್ಟಿಗಳು ಅಲ್ಲಿಂದ ಹೆಗಲ ಪಟ್ಟಿಗೆ ಸುಮಾರು 45 ಡಿಗ್ರಿ ಕೋನದಲ್ಲಿ ಇಳಿದು ಬರಬೇಕು. ಚೌಕಟ್ಟು ಗಿಡ್ಡವಾಗಿ ಆ ಪಟ್ಟಿ ಮಟ್ಟಸವಾಗಿ ಮಲಗಿದರೆ, ಎಳೆದಷ್ಟೂ ಅದು ಹೆಗಲನ್ನು ಹಿಂದಕ್ಕೆ ಜಗ್ಗುತ್ತದೆ, ಭಾರ ಎತ್ತುವುದಿಲ್ಲ. ಹಲವು ತಯಾರಕರು 24 ಇಂಚಿನದೂ 26 ಇಂಚಿನದೂ ಮಾರುತ್ತಾರೆ. ಉದ್ದವೇ ಒಳ್ಳೆಯದು ಎಂದು 165 ಸೆಂ.ಮೀ. ಎತ್ತರದವರು 26 ಇಂಚು ಕೊಂಡರೆ ಕಡಿದಾದ ಏರಿನಲ್ಲಿ ತಲೆಯೆತ್ತಿದಾಗ ಟೋಪಿ ಚೌಕಟ್ಟಿಗೆ ತಾಗುತ್ತದೆ, ಬಗ್ಗಿ ನುಸುಳುವಾಗ ಪ್ರತಿ ಕೊಂಬೆಯೂ ಅದಕ್ಕೇ ಸಿಕ್ಕಿಕೊಳ್ಳುತ್ತದೆ.

ಸೊಂಟಪಟ್ಟಿಯ ವಿಷಯದಲ್ಲಿ ಮೆತ್ತಗಿರುವುದನ್ನು ನಂಬಬೇಡಿ. ಅಂಗಡಿಯಲ್ಲಿ ಹಿತವೆನಿಸುವ ದಪ್ಪ ಸ್ಪಂಜು 40 ಕೆ.ಜಿ. ಕೆಳಗೆ ಚಪ್ಪಟೆಯಾಗುತ್ತದೆ. ಗಟ್ಟಿ ಫೋಮಿನ, ಒಳಗೆ ಪ್ಲಾಸ್ಟಿಕ್ ಹಾಳೆಯಿರುವ ಪಟ್ಟಿ ಸೊಂಟದ ಮೂಳೆಯನ್ನು ಸುತ್ತಿ ಹಿಡಿಯುತ್ತದೆ. ಪಟ್ಟಿಯ ನಡುಭಾಗ ಮೂಳೆಯ ಮೇಲಂಚಿನ ಮೇಲೆ ಕೂರಬೇಕು, ಬಕಲ್ ಹೊಕ್ಕುಳಿನ ಆಸುಪಾಸಿಗೆ ಬರಬೇಕು. ಬಕಲ್ ಪೂರ್ತಿ ಬಿಗಿದ ಮೇಲೂ ಎರಡು ಬದಿಯ ಮೆತ್ತೆಗಳ ನಡುವೆ ನಾಲ್ಕು ಬೆರಳು ಜಾಗ ಉಳಿದಿರಲಿ. ವಾರದ ಬೇಟೆಯಲ್ಲಿ ಸೊಂಟ ಇಳಿಯುತ್ತದೆ, ಮೆತ್ತೆಗಳು ಒಂದಕ್ಕೊಂದು ಮುಟ್ಟಿದ ಮೇಲೆ ಬಿಗಿಯಲು ಜಾಗವೇ ಇರುವುದಿಲ್ಲ. ನಡೆಯುವಾಗ ತೊಡೆಯ ಹೊರಬದಿ ಜೋಮು ಹಿಡಿದರೆ ಪಟ್ಟಿ ಕೆಳಗೆ ಜಾರಿ ಅಲ್ಲಿನ ನರವನ್ನು ಒತ್ತುತ್ತಿದೆ ಎಂದರ್ಥ. ಬೆರಳ ತುದಿ ಜೋಮು ಹಿಡಿದರೆ ಭಾರ ಹೆಗಲ ಮೇಲೆ ಕೂತಿದೆ. ಎರಡನ್ನೂ ಸಹಿಸಿಕೊಂಡು ನಡೆಯಬಾರದು. ಹೆಗಲಿನ ನರಜಾಲ ಹೀಗೆ ಒತ್ತಡಕ್ಕೆ ಸಿಕ್ಕರೆ ತೋಳಿನ ಶಕ್ತಿ ವಾರಗಟ್ಟಲೆ ಬರದೇ ಹೋಗಬಹುದು.

ಬೇಟೆಯ ಚೀಲವನ್ನು ಚಾರಣದ ಚೀಲದಿಂದ ಬೇರೆ ಮಾಡುವುದು ಲೋಡ್ ಶೆಲ್ಫ್. ಚೀಲವನ್ನು ಚೌಕಟ್ಟಿನಿಂದ ಮುಂದಕ್ಕೆ ಸಡಿಲಿಸಿದರೆ ಎರಡರ ನಡುವೆ ಒಂದು ಜಾಗ ತೆರೆದುಕೊಳ್ಳುತ್ತದೆ. ತಳದಲ್ಲಿ ಗಟ್ಟಿ ಬಟ್ಟೆಯ ತೊಟ್ಟಿಲು, ಎರಡು ಬದಿಯಲ್ಲಿ ಬಿಗಿಯುವ ಪಟ್ಟಿಗಳು. ಮಾಂಸ ಅಲ್ಲಿಗೆ. ಹೀಗೆ ಮಾಡುವುದರಿಂದ ಅತಿ ಭಾರದ ವಸ್ತು ಬೆನ್ನೆಲುಬಿಗೆ ಅತಿ ಹತ್ತಿರ ಬರುತ್ತದೆ, ಬಟ್ಟೆ, ಮಲಗುವ ಚೀಲಗಳಿಗೆ ರಕ್ತ ತಾಗುವುದಿಲ್ಲ. ಅದೇ 33 ಕೆ.ಜಿ.ಯನ್ನು ಚೀಲದೊಳಗೆ, ಬೆನ್ನಿನಿಂದ ಒಂದು ಗೇಣು ಆಚೆ ಇಟ್ಟು ನೋಡಿ, ದೇಹ ತಾನಾಗಿ ಮುಂದಕ್ಕೆ ಬಾಗುತ್ತದೆ, ಸೊಂಟಪಟ್ಟಿ ಜಾರತೊಡಗುತ್ತದೆ.

ಶೆಲ್ಫ್ ಇದ್ದರೆ ಸಾಲದು, ತುಂಬುವ ಕ್ರಮವೂ ತಿಳಿದಿರಬೇಕು. ಮೂಳೆ ಸಮೇತದ ಹಿಂದಿನ ತೊಡೆ ತನ್ನ ಆಕಾರದಲ್ಲೇ ನಿಲ್ಲುತ್ತದೆ, ದಪ್ಪ ಭಾಗ ಮೇಲೆ ಬರುವಂತೆ ನಿಲ್ಲಿಸಿ ಮೂರು ಪಟ್ಟಿ ಬಿಗಿದರೆ ಅಲ್ಲಾಡುವುದಿಲ್ಲ. ಮೂಳೆ ಬಿಡಿಸಿದ ಮಾಂಸ ಬಿಸಿ ರಾಗಿಮುದ್ದೆಯ ಹಾಗೆ, ಇಟ್ಟಲ್ಲೇ ಅಗಲವಾಗಿ ಕೂರುತ್ತದೆ. ಅರ್ಧ ಕಿಲೋಮೀಟರ್ ನಡೆಯುವಷ್ಟರಲ್ಲಿ ಎಲ್ಲವೂ ತಳಕ್ಕೆ ಇಳಿದು, ಸೊಂಟದ ಹಿಂದೆ ಉಬ್ಬಿ, ಪ್ರತಿ ಹೆಜ್ಜೆಗೂ ಹಿಂದಕ್ಕೆ ಎಳೆಯುತ್ತದೆ. ಇದಕ್ಕೆ ಪರಿಹಾರ, ದೊಡ್ಡ ಒಂದೇ ಗೇಮ್ ಬ್ಯಾಗಿನ ಬದಲು 10ರಿಂದ 12 ಕೆ.ಜಿ. ಹಿಡಿಯುವ ಮೂರು ಸಣ್ಣ ಬ್ಯಾಗು. ತಳದಲ್ಲಿ ಮಡಿಸಿದ ಟೆಂಟು ಅಥವಾ ಮಲಗುವ ಚೀಲ ಇಟ್ಟು ಎತ್ತರ ಕೊಡಿ, ಅದರ ಮೇಲೆ ಮಾಂಸದ ಬ್ಯಾಗುಗಳು ಒಂದರ ಮೇಲೊಂದು. ಕೆಳಗಿನ ಪಟ್ಟಿಯನ್ನು ಮೊದಲು ಬಿಗಿದು ಮೇಲಕ್ಕೆ ಹೋಗಿ. ಮೇಲಿನದನ್ನು ಮೊದಲು ಬಿಗಿದರೆ ಮಾಂಸ ಕೆಳಕ್ಕೆ ಹಿಸುಕಿಕೊಂಡು ಹೋಗುತ್ತದೆ. ಭಾರದ ನಡು ಹೆಗಲಮೂಳೆಗಳ ಮಟ್ಟಕ್ಕಿರಲಿ. ತುಂಬಾ ಮೇಲಿದ್ದರೆ ಇಳಿಜಾರಿನಲ್ಲಿ ತಲೆಕೆಳಗಾಗುವ ಅಪಾಯ. ಹತ್ತು ನಿಮಿಷ ನಡೆದ ಮೇಲೆ ನಿಂತು ಎಲ್ಲ ಪಟ್ಟಿಗಳನ್ನೂ ಇನ್ನೊಮ್ಮೆ ಬಿಗಿಯುವುದು ಕಡ್ಡಾಯ ಎಂದುಕೊಳ್ಳಿ.

ಹಾಗಾದರೆ ಮೂಳೆ ಬಿಡಿಸಬೇಕೋ ಬೇಡವೋ? ಎಲ್ಕಿನ ಒಂದು ಹಿಂದಿನ ತೊಡೆ ಮೂಳೆ ಸಮೇತ 25ರಿಂದ 35 ಕೆ.ಜಿ., ಅದರಲ್ಲಿ ಮೂಳೆಯದೇ ಕೆಲವು ಕೆ.ಜಿ. ದೂರ ಹೆಚ್ಚಿದ್ದರೆ ಬಿಡಿಸುವುದು ಮೇಲು. ಹಗಲು 20 ಡಿಗ್ರಿ ದಾಟುವ ಸೆಪ್ಟೆಂಬರಿನಲ್ಲಿ ಇನ್ನೊಂದು ಕಾರಣವೂ ಇದೆ. ತೊಡೆಯ ಮೂಳೆಯ ಸುತ್ತ ಮೈಬಿಸಿ ಗಂಟೆಗಟ್ಟಲೆ ಉಳಿದು ಮಾಂಸ ಒಳಗಿಂದ ಹುಳಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಜಿಂಕೆ ಕುಟುಂಬದ ಪ್ರಾಣಿಗಳ ಮಿದುಳು ತಿನ್ನುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ರೋಗವೊಂದಿದೆ, 1967ರಲ್ಲಿ ಕೊಲರಾಡೊದಲ್ಲಿ ಮೊದಲು ಗಮನಕ್ಕೆ ಬಂದದ್ದು. ಅದರ ಕಾರಣಕ್ಕೆ ಮಿದುಳು, ಬೆನ್ನುಹುರಿಯ ಸಮೇತ ದೇಹವನ್ನು ಗಡಿ ದಾಟಿಸಲು ಅನೇಕ ರಾಜ್ಯಗಳು ಬಿಡುವುದಿಲ್ಲ. ಮೂಳೆ ಬಿಡಿಸಿದ ಮಾಂಸಕ್ಕೆ ಆ ತೊಡಕಿಲ್ಲ. ಕೊಲರಾಡೊದಲ್ಲಿ ಮಾಂಸದ ಒಂದು ಭಾಗಕ್ಕೆ ಪ್ರಾಣಿಯ ಲಿಂಗದ ಗುರುತು ಸಹಜವಾಗಿ ಅಂಟಿಕೊಂಡೇ ಇರಬೇಕೆಂಬ ನಿಯಮವಿದೆ, ಬಿಡಿಸುವ ಉತ್ಸಾಹದಲ್ಲಿ ಅದನ್ನು ಕತ್ತರಿಸಿ ಎಸೆಯಬೇಡಿ. ಹೊರುವಾಗ ರಕ್ತ ಸೋರದಿರಲೆಂದು ಗೇಮ್ ಬ್ಯಾಗನ್ನು ಪ್ಲಾಸ್ಟಿಕ್ಕಿಗೆ ಹಾಕುವವರಿದ್ದಾರೆ. ಒಂದೆರಡು ಗಂಟೆಗೆ ನಡೆದೀತು, ಕೆಳಗಿಳಿದ ಕೂಡಲೇ ಹೊರತೆಗೆದು ನೆರಳಿನಲ್ಲಿ ಗಾಳಿಗೆ ತೂಗುಹಾಕಬೇಕು.

ಎಲ್ಕಿಗಿಂತಲೂ ದೊಡ್ಡ ಜಿಂಕೆಯಾದ ಮೂಸ್‌ನ ಅಲಾಸ್ಕಾ ಬೇಟೆಯಲ್ಲಿ ಈ ಆಯ್ಕೆಯೇ ಇಲ್ಲದ ಜಾಗಗಳಿವೆ. ಕೆಲವು ವಲಯಗಳಲ್ಲಿ ಮುಂದಿನ, ಹಿಂದಿನ ತೊಡೆಗಳನ್ನೂ ಪಕ್ಕೆಲುಬನ್ನೂ ಮೂಳೆ ಸಮೇತವೇ ಕಾಡಿನಿಂದ ಹೊರತರಬೇಕು. ಅಲ್ಲಿ ಒಂದು ಹಿಂದಿನ ತೊಡೆಯೇ 50 ಕೆ.ಜಿ. ಮೀರಬಹುದು. ಕೊಂಬನ್ನು ಮಾಂಸದ ಕೊನೆಯ ಹೊರೆಯ ಜೊತೆಗೇ ತರಬೇಕು, ಅದಕ್ಕೂ ಮುಂಚೆ ತರುವಂತಿಲ್ಲ. ತುಂಬಾ ಸರಿಯಾದ ನಿಯಮ ಎಂಬುದು ನನ್ನ ಅಭಿಪ್ರಾಯ. ಅಲ್ಲಿಗೆ ಚೀಲಕ್ಕಿಂತ ತಳದಲ್ಲಿ ಅಡ್ಡ ಹಲಗೆಯಿರುವ ಬರೀ ಚೌಕಟ್ಟು, ನಾಲ್ಕು ಉದ್ದ ಪಟ್ಟಿಗಳೇ ಲೇಸು. ನದಿಯಿಂದ ಒಂದೂವರೆ ಕಿಲೋಮೀಟರಿಗಿಂತ ಆಚೆ ಮೂಸ್ ಹೊಡೆಯಬೇಡಿ ಎಂದು ಅಲ್ಲಿನ ಅನುಭವಿಗಳು ಹೇಳುವುದು ಸುಮ್ಮನೆ ಅಲ್ಲ. ಸಣ್ಣ ವಿಮಾನದಲ್ಲಿ ಹೋಗುವುದಾದರೆ ತಲಾ ಸಾಮಾನಿಗೆ ತೂಕದ ಮಿತಿಯಿರುತ್ತದೆ, 20ರಿಂದ 30 ಕೆ.ಜಿ. ಎಂದಿಟ್ಟುಕೊಂಡು ಮೊದಲೇ ಕೇಳಿ.

ಚೀಲದ ಗಾತ್ರಕ್ಕೆ ಬರೋಣ. ಅಮೆರಿಕದ ತಯಾರಕರು ಘನ ಇಂಚಿನಲ್ಲಿ ಹೇಳುತ್ತಾರೆ, 61 ಘನ ಇಂಚು ಒಂದು ಲೀಟರ್. ಐದರಿಂದ ಏಳು ದಿನಕ್ಕೆ 5,000 ಘನ ಇಂಚು, ಅಂದರೆ 82 ಲೀಟರ್ ಸಾಕು. ಹತ್ತು ದಿನ, ಅಥವಾ ನವೆಂಬರಿನ ಹಿಮಕ್ಕೆ ದಪ್ಪ ಬಟ್ಟೆಗಳೊಂದಿಗೆ ಹೋಗುವುದಾದರೆ 7,000, ಸುಮಾರು 115 ಲೀಟರ್. ಸಂದೇಹವಿದ್ದರೆ ದೊಡ್ಡದನ್ನು ಕೊಳ್ಳಿ, ಆದರೆ ಅದು ಖಾಲಿಯಿದ್ದಾಗ ಚಪ್ಪಟೆಯಾಗಿ ಬಿಗಿದುಕೊಳ್ಳುತ್ತದೆಯೇ ನೋಡಿ. ಬಿಡಾರ ಹಾಕಿದ ಮೇಲೆ ದಿನವಿಡೀ ಬೇಟೆಗೆ ಹೊತ್ತು ತಿರುಗುವುದು ಇದೇ ಚೀಲವನ್ನು. ಸಣ್ಣ ಚೀಲಕ್ಕೆ ಮಿತಿಮೀರಿ ತುರುಕಿದರೆ ಅದು ಪೀಪಾಯಿಯಾಗಿ ಉಬ್ಬಿ ಬೆನ್ನಿಗೆ ಗುಂಡಗೆ ಒತ್ತುತ್ತದೆ. ಕರಡಿ ನಾಡಿನಲ್ಲಿ ಊಟದ ಗಟ್ಟಿ ಡಬ್ಬಿ ಒಯ್ಯಬೇಕಾದರೆ, ಸುಮಾರು 22 ಸೆಂ.ಮೀ. ಅಗಲ, 32 ಸೆಂ.ಮೀ. ಎತ್ತರದ ಆ ಡಬ್ಬಿ ಒಳಗೆ ಹೋಗುತ್ತದೆಯೇ ಎಂದು ಕೊಳ್ಳುವ ಮೊದಲೇ ಪರೀಕ್ಷಿಸಿ.

ಬಟ್ಟೆಗೆ 500 ಡೆನಿಯರ್ (ಡೆನಿಯರ್ ಎಂದರೆ ನೂಲಿನ ದಪ್ಪದ ಅಳತೆ) ಕಾರ್ಡುರಾ ನೈಲಾನ್ ಈಗಲೂ ನನ್ನ ಮೊದಲ ಆಯ್ಕೆ. ಅದು ಸದ್ದು ಮಾಡುವುದಿಲ್ಲ, ಮುಳ್ಳಿಗೆ ಹರಿಯುವುದಿಲ್ಲ, ಸೂಜಿದಾರದಲ್ಲಿ ಹೊಲಿಯಬಹುದು. ಪದರ ಅಂಟಿಸಿದ ಹಗುರ ಬಟ್ಟೆಗಳು ನೀರು ಕುಡಿಯುವುದಿಲ್ಲ ನಿಜ, ಕೊಂಬೆ ಸವರಿದರೆ ಚರಚರ ಎನ್ನುತ್ತವೆ. ಬಿಲ್ಲಿನ ಬೇಟೆಯಲ್ಲಿ ಎಲ್ಕ್ 30 ಮೀಟರಿನಲ್ಲಿರುವಾಗ ಆ ಸದ್ದು ಸಾಕು. ವೆಲ್ಕ್ರೊ ಮುಚ್ಚಳದ ಜೇಬುಗಳೂ ಅದೇ ಕಾರಣಕ್ಕೆ ಬೇಡ. ಜಿಪ್ಪು 8 ಅಥವಾ 10ನೇ ಅಳತೆಯದಿರಲಿ. ಜಿಪ್ಪಿನ ಮೇಲೆ ಭಾರ ಬೀಳದಂತೆ ಅಡ್ಡ ಪಟ್ಟಿ ಇದೆಯೇ ನೋಡಿ, ರಕ್ತ ಒಣಗಿದ, ಮಣ್ಣು ಹಿಡಿದ ಜಿಪ್ಪು ಬಿಗಿತದಲ್ಲಿ ಎಳೆದಾಗಲೇ ಹಲ್ಲು ಬಿಡುತ್ತದೆ. ಚಳಿಯಲ್ಲಿ ಪ್ಲಾಸ್ಟಿಕ್ ಬಕಲ್ ಪೆಡಸಾಗಿ ಕಲ್ಲಿಗೆ ಬಡಿದರೆ ಸೀಳುತ್ತದೆ. ಸೊಂಟದ ಬಕಲ್ ಮುರಿದರೆ 45 ಕೆ.ಜಿ. ಹೆಗಲಿಗೆ ಬಂತೆಂದೇ ಅರ್ಥ. ಹೊಲಿಗೆಯಿಲ್ಲದೆ ಸಿಕ್ಕಿಸುವಂಥ ಒಂದು ಬದಲಿ ಬಕಲ್ ಜೇಬಿನಲ್ಲಿರಲಿ, ತೂಕ ಕೆಲವೇ ಗ್ರಾಂ.

ಬಣ್ಣದ ಬಗ್ಗೆ ಒಂದು ಮಾತು. ಕೊಲರಾಡೊದ ಬಂದೂಕಿನ ಬೇಟೆಯಲ್ಲಿ ಸೊಂಟದ ಮೇಲೆ 500 ಚದರ ಇಂಚು, ಮೊಂಟಾನಾದಲ್ಲಿ 400 ಚದರ ಇಂಚು ಹೊಳೆವ ಕಿತ್ತಳೆ ಬಣ್ಣ ತೊಟ್ಟಿರಬೇಕು (ಕೊಲರಾಡೊದಲ್ಲಿ ಹೊಳೆವ ಗುಲಾಬಿಯೂ ಆದೀತು). ದೊಡ್ಡ ಚೀಲ ಬೆನ್ನಿನ ಕಿತ್ತಳೆಯನ್ನು ಪೂರ್ತಿ ಮುಚ್ಚುತ್ತದೆ. ಎಲ್ಕಿನ ಕೊಂಬು ಹೊತ್ತು ಕಂದು ಚೀಲದೊಂದಿಗೆ ಮರಗಳ ನಡುವೆ ನಡೆಯುವವರು ಹಿಂದಿನಿಂದ ಎಲ್ಕಿನಂತೆಯೇ ಕಾಣುತ್ತಾರೆ. ಚೀಲಕ್ಕೆ ಕಿತ್ತಳೆ ಹೊದಿಕೆ ಹಾಕಿ, ಕೊಂಬಿಗೆ ಕಿತ್ತಳೆ ಪಟ್ಟಿ ಸುತ್ತಿ. ಕರಡಿಯನ್ನು ತಡೆಯುವ ಸ್ಪ್ರೇಯನ್ನು ಚೀಲದ ಸೊಂಟಪಟ್ಟಿಗೆ ಸಿಕ್ಕಿಸಬೇಡಿ. ಮಾಂಸ ಬಿಡಿಸುವಾಗ ಚೀಲ ದೂರದ ಮರಕ್ಕೆ ಒರಗಿರುತ್ತದೆ, ಗ್ರಿಜ್ಲಿ ಕರಡಿ ಬರುವುದು ಆ ಹೊತ್ತಿಗೇ. ಎದೆಯ ದುರ್ಬೀನಿನ ಪಟ್ಟಿಯಲ್ಲಿ ಅದರ ಜಾಗ.

ತಯಾರಕರಲ್ಲಿ ಮೊಂಟಾನಾದ ಬೋಝ್‌ಮನ್ ಊರಿನಲ್ಲಿ ಹುಟ್ಟಿದ ಮಿಸ್ಟರಿ ರ‍್ಯಾಂಚ್ ಮತ್ತು ಸ್ಟೋನ್ ಗ್ಲೇಸಿಯರ್, ಐಡಾಹೊದ ಎಕ್ಸೊ, ಕೊಲರಾಡೊದ ಸೀಕ್ ಔಟ್‌ಸೈಡ್, ಜೊತೆಗೆ ಕಿಫಾರು, ಎಲ್ಲವೂ ಭಾರಕ್ಕೆಂದೇ ಕಟ್ಟಿದ ಚೀಲಗಳು. ಚೌಕಟ್ಟೂ ಚೀಲವೂ ಸೇರಿ ಸುಮಾರು 600ರಿಂದ 900 ಡಾಲರ್. ಹಣ ಕಡಿಮೆಯಿದ್ದರೆ ಒಳ್ಳೆಯ ಚೌಕಟ್ಟನ್ನು ಹೊಸದಾಗಿ ಕೊಂಡು ಚೀಲವನ್ನು ಹಳೆಯದು ಹುಡುಕಿ. ಹೆಸರಿಗಿಂತ ಮೈಗೆ ಹೊಂದುವುದು ಮುಖ್ಯ. ಒಬ್ಬರಿಗೆ ಹೂವಿನಂತಿರುವ ಚೌಕಟ್ಟು ಇನ್ನೊಬ್ಬರ ಬೆನ್ನಿನ ಕೆಳಭಾಗವನ್ನು ಕೆರೆದು ಗಾಯ ಮಾಡುತ್ತದೆ, ಕಾರಣ ಬೆನ್ನಿನ ಬಾಗು.

ಆದ್ದರಿಂದ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು ಮನೆಯಲ್ಲಿ ಪರೀಕ್ಷೆ ಮಾಡಿ. ನೀರು ಮೆದುಗೊಳಿಸುವ ಉಪ್ಪಿನ 18 ಕೆ.ಜಿ.ಯ ಚೀಲಗಳು ಅಂಗಡಿಯಲ್ಲಿ ಸಿಗುತ್ತವೆ, ಎರಡನ್ನು ಹಳೆ ಚಾದರದಲ್ಲಿ ಸುತ್ತಿ ಶೆಲ್ಫಿನಲ್ಲಿ ಕಟ್ಟಿ. ಉಪ್ಪೂ ಮಾಂಸದಂತೆಯೇ ಕುಸಿಯುವುದರಿಂದ ಪಟ್ಟಿಗಳ ನಿಜ ಬಣ್ಣ ತಿಳಿಯುತ್ತದೆ. ಮೊದಲ ದಿನವೇ 36 ಹೊರಬೇಡಿ, 15ರಿಂದ ಶುರುಮಾಡಿ ಕೆಲವು ವಾರಗಳಲ್ಲಿ ಏರಿಸಿ. ಎತ್ತುವಾಗ ನಿಂತು ಸೆಳೆಯಬೇಡಿ. ಚೀಲವನ್ನು ಇಳಿಜಾರಿನಲ್ಲಿ ಮೇಲ್ಬದಿಗೆ ಒರಗಿಸಿ, ಅದರ ಮುಂದೆ ಕೂತು, ಪಟ್ಟಿ ತೊಟ್ಟು, ಪಕ್ಕಕ್ಕೆ ಹೊರಳಿ ಮಂಡಿಯ ಮೇಲೆ ಬಂದು, ಕೋಲೂರಿ ಏಳಿ. ಸೊಂಟಪಟ್ಟಿ ಮೊದಲು ಬಿಗಿಯಬೇಕು, ನಂತರ ಹೆಗಲು, ನಂತರ ಲೋಡ್ ಲಿಫ್ಟರ್, ಕೊನೆಗೆ ಎದೆಯ ಪಟ್ಟಿ. ಮುಕ್ಕಾಲು ಗಂಟೆ ಮೆಟ್ಟಿಲು ಹತ್ತಿಳಿಯಿರಿ. ಹದಿನೈದು ನಿಮಿಷದಲ್ಲಿ ಸೊಂಟಪಟ್ಟಿ ಎರಡು ಬೆರಳು ಜಾರಿದರೆ ಮತ್ತೆ ಹೊಂದಿಸಿ ನೋಡಿ, ಮತ್ತೂ ಜಾರಿದರೆ ಆ ಚೀಲ ನಿಮ್ಮದಲ್ಲ, ವಾಪಸು ಕೊಡಿ.

ಬೇಟೆ ಮುಗಿದು ಬಂದ ಮೇಲೆ ಚೀಲವನ್ನು ಚೌಕಟ್ಟಿನಿಂದ ಬಿಚ್ಚಿ ಅದೇ ದಿನ ತಣ್ಣೀರಿನಲ್ಲಿ ನೆನೆಹಾಕಿ. ಬಿಸಿನೀರು ರಕ್ತವನ್ನು ಬಟ್ಟೆಯಲ್ಲೇ ಗಟ್ಟಿಮಾಡುತ್ತದೆ. ಕಲೆ ಬಿಡದಿದ್ದರೆ ರಕ್ತ ಕರಗಿಸುವ ಕಿಣ್ವವಿರುವ ಮಾರ್ಜಕ, ಮೆತ್ತನೆಯ ಬ್ರಷ್ಷು. ಯಂತ್ರಕ್ಕೆ ಹಾಕಿದರೆ ಒಳಗಿನ ನೀರುತಡೆ ಲೇಪ ಏಳುತ್ತದೆ, ಬಿಸಿಲಿಗೆ ದಿನಗಟ್ಟಲೆ ಬಿಟ್ಟರೆ ನೈಲಾನ್ ಬಲ ಕಳೆದುಕೊಳ್ಳುತ್ತದೆ, ಆದ್ದರಿಂದ ನೆರಳಿನಲ್ಲಿ ತೂಗುಹಾಕಿ. ಒಣಗಿದ ಮೇಲೆ ಹೆಗಲ ಪಟ್ಟಿ ಚೌಕಟ್ಟಿಗೆ ಸೇರುವ ಜಾಗ, ಸೊಂಟಪಟ್ಟಿಯ ಬುಡ, ಶೆಲ್ಫಿನ ತಳದ ಮೂಲೆಗಳು, ಈ ಮೂರು ಕಡೆ ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡಿ. ದಾರ ಎದ್ದಿದ್ದರೆ ಚಳಿಗಾಲದಲ್ಲೇ ತಯಾರಕರಿಗೆ ಕಳಿಸಿ. ಆಗಸ್ಟ್ ಬಂತೆಂದರೆ ಅವರ ಹೊಲಿಗೆ ಮೇಜಿನ ಮುಂದೆ ಎಲ್ಲರ ಚೀಲಗಳೂ ಸಾಲುಗಟ್ಟಿರುತ್ತವೆ.